ಹುಟ್ಟುಗುಣ, ಸಹವಾಸ ಮತ್ತು ಧಾರವಾಡದ ಮುಸುವಗಳು

ಸ್ವಭಾವವನ್ನು ಕುರಿತು ನಮ್ಮ ಹಿರಿಯರು ಎರಡು ಗಾದೆಗಳನ್ನು ಬಿಟ್ಟುಹೋಗಿದ್ದಾರೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಒಂದು. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬುದು ಇನ್ನೊಂದು. ಮೊದಲನೆಯದು ನಿಜವಾದರೆ ಸನ್ಯಾಸಿ ಕೆಡಬಾರದಿತ್ತು. ಎರಡನೆಯದು ನಿಜವಾದರೆ ಹುಟ್ಟುಗುಣಕ್ಕೆ ಅಷ್ಟು ಹೆದರಬೇಕಾಗಿಲ್ಲ. ಆದರೂ ಒಂದೇ ಬಾಯಿ, ಒಂದೇ ದಿನ, ಎರಡನ್ನೂ ಆಡುವುದುಂಟು. ಗಾದೆಗಳ ನಡುವಿನ ಈ ವ್ಯಾಜ್ಯ ಇಪ್ಪತ್ತನೆಯ ಶತಮಾನದಲ್ಲಿ ಶಾಸ್ತ್ರಜ್ಞರ ಕಟ್ಟೆಯನ್ನೇರಿತು. ಅಲ್ಲಿ ಸಾಕ್ಷಿ ನುಡಿಯಲು ಕರೆಸಿಕೊಂಡವು ಮಂಗಗಳು. ಆ ಸಾಕ್ಷಿಗಳ ಸಾಲಿನಲ್ಲಿ ಬಹು ಮುಖ್ಯವಾದವು ನಮ್ಮ ಧಾರವಾಡದ ಕಾಡಿನ ಮುಸುವಗಳು ಎಂಬ ಸಂಗತಿ ಧಾರವಾಡದವರಲ್ಲಿಯೇ ಅನೇಕರಿಗೆ ತಿಳಿದಿರಲಾರದು.

ನಾನು ಪ್ರಾಣಿಶಾಸ್ತ್ರವನ್ನು ಓದಿದವನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ‘ಸ್ವಭಾವ’ ಎಂಬುದು ಒಂದು ಶಬ್ದ. ಶಬ್ದಗಳ ಲೆಕ್ಕ ಕೇಳುವುದು ನನ್ನ ಕಸುಬು. ನಾವು ಆಡುವ ಮಾತುಗಳಲ್ಲಿ ಇಷ್ಟು ಸುಲಭವಾಗಿ ವಿಚಾರಣೆಯನ್ನು ಮುಗಿಸಿಬಿಡುವ ಮಾತು ಇನ್ನೊಂದಿಲ್ಲ. ಹೆಂಡತಿಯನ್ನು ಹೊಡೆದವನ ನ್ಯಾಯ ಹಿರಿಯರ ಮುಂದೆ ಬಂದಾಗ, ಒಬ್ಬರಾದರೂ ಎಲೆಯಡಿಕೆ ಜಗಿಯುತ್ತ, ‘ಗಂಡಸಿನ ಸ್ವಭಾವವೇ ಹಾಗಲ್ಲವೇನಪ್ಪ’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಹೊಡೆದವನು ಮನೆಗೆ ಹೋಗುತ್ತಾನೆ, ಹೊಡೆಸಿಕೊಂಡವಳೂ ಮನೆಗೆ ಹೋಗುತ್ತಾಳೆ. ಮನೆ ಮಾತ್ರ ಒಂದೇ. ಇಷ್ಟು ಭಾರ ಹೊರುವ ಮಾತಿನ ಹಿಂದೆ ಇರುವ ಪುರಾವೆಯೇನು ಎಂದು ನೋಡುವುದು ಅಗತ್ಯವಲ್ಲವೆ?

ವಾನರರನ್ನು ನೋಡಿ ಮನುಷ್ಯನನ್ನು ತಿಳಿಯುವ ಪ್ರಯತ್ನಕ್ಕೆ ಒಳ್ಳೆಯ ಆರಂಭ ದೊರೆಯಲಿಲ್ಲ. 1925ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದವರು ‘ಮಂಕಿ ಹಿಲ್’ ಎಂಬ ಕೃತಕ ಗುಡ್ಡವೊಂದನ್ನು ಕಟ್ಟಿ, ಅದರ ಮೇಲೆ ಸುಮಾರು ನೂರು ಹಮದ್ರಿಯಾಸ್ ಬಬೂನುಗಳನ್ನು ಬಿಟ್ಟರು. ಒಂದು ಗಂಡು ಹಲವು ಹೆಣ್ಣುಗಳನ್ನು ಕಟ್ಟಿಕೊಂಡು ಬಾಳುವ ಜಾತಿ ಅದು; ಗುಡ್ಡದ ಮೇಲೆ ಬಿಟ್ಟವುಗಳಲ್ಲಿ ಬಹುಪಾಲು ಗಂಡುಗಳೇ. ಒಂದನ್ನೊಂದು ಅರಿಯದ ಪ್ರಾಣಿಗಳು, ಓಡಿಹೋಗಲು ಎಡೆಯಿಲ್ಲದ ಜಾಗ. ಕಾದಾಟ ನಡೆಯಿತು, ಹೆಣಗಳು ಬಿದ್ದವು. ಅನಂತರ 1927ರಲ್ಲಿ ಇನ್ನಷ್ಟು ಹೆಣ್ಣುಗಳನ್ನು ತಂದು ಬಿಟ್ಟಾಗ ಅವುಗಳಿಗಾಗಿ ನಡೆದ ಎಳೆದಾಟದಲ್ಲಿ ಆ ಹೆಣ್ಣುಗಳೇ ಸತ್ತವು. ಇದನ್ನು ಅಭ್ಯಾಸ ಮಾಡಿದ ಸಾಲಿ ಜುಕರ್‌ಮನ್ 1932ರಲ್ಲಿ ಕಪಿಗಳ ಸಾಮಾಜಿಕ ಜೀವನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಕಾಮವೇ ಕಪಿಸಮಾಜವನ್ನು ಬಿಗಿದಿಡುವ ಹಗ್ಗ, ಬಲವೇ ಅದರ ಕಾನೂನು ಎಂಬ ಭಾವನೆ ಅನೇಕ ವರ್ಷಗಳ ಕಾಲ ಬೇರೂರಿತು. ಸೆರೆಮನೆಯ ದೊಂಬಿಯನ್ನು ನೋಡಿ ಊರಿನ ಬಾಳನ್ನು ವರ್ಣಿಸಿದ ಹಾಗಾಯಿತು ಇದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೃಷ್ಟಿ ಬದಲಾಯಿತು. ಜಪಾನಿನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಇಮಾನಿಶಿ ಕಿಂಜಿ ಮತ್ತು ಅವರ ಶಿಷ್ಯರು 1948ರಿಂದ ಕಾಡಿನ ಕೋತಿಗಳನ್ನು ಅವುಗಳ ಜಾಗದಲ್ಲಿಯೇ ನೋಡತೊಡಗಿದರು. ಪ್ರತಿಯೊಂದು ಕೋತಿಯನ್ನೂ ಮುಖದಿಂದ ಗುರುತಿಸಿ, ಹೆಸರಿಟ್ಟು, ಅದರ ತಾಯಿ ಯಾರು, ಗೆಳೆಯರು ಯಾರು ಎಂದು ವರ್ಷಗಟ್ಟಲೆ ಬರೆದಿಡುವುದು ಅವರ ಪದ್ಧತಿ. 1953ರಲ್ಲಿ ಕೋಶಿಮಾ ದ್ವೀಪದಲ್ಲಿ ‘ಇಮೋ’ ಎಂಬ ಎಳೆಯ ಹೆಣ್ಣುಕೋತಿ ಮಣ್ಣು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿದ್ದನ್ನೂ, ಅದನ್ನು ನೋಡಿ ಮೊದಲು ಒಡನಾಡಿಗಳೂ ತಾಯಿಯೂ ಆಮೇಲೆ ಇತರರೂ ಕಲಿತದ್ದನ್ನೂ ಜಗತ್ತಿಗೆ ತಿಳಿಸಿದವರು ಇವರೇ. ಹುಟ್ಟಿನಿಂದ ಬಾರದ್ದು ಸಹವಾಸದಿಂದ ಬಂದಿತ್ತು.

ಇತ್ತ ನಮ್ಮ ದೇಶಕ್ಕೆ ಅಮೆರಿಕದಿಂದ ಫಿಲಿಸ್ ಜೇ ಎಂಬ ವಿದುಷಿ ಬಂದರು. 1958ರಿಂದ 1960ರವರೆಗೆ ಬಸ್ತರಿನ ಓರ್ಛಾದ ಕಾಡಿನಲ್ಲಿಯೂ ಲಖನೌ ಸಮೀಪದ ಕೌಕೋರಿ ಗ್ರಾಮದಲ್ಲಿಯೂ ಅವರು ಮುಸುವಗಳನ್ನು ಅಭ್ಯಾಸ ಮಾಡಿದರು. ಹಲವು ಗಂಡುಗಳು ಒಂದೇ ಹಿಂಡಿನಲ್ಲಿ ಹೊಂದಿಕೊಂಡಿದ್ದವು, ಜಗಳ ವಿರಳ. ಹೆಣ್ಣುಗಳಿಗೆ ಮರಿಗಳೆಂದರೆ ಎಲ್ಲಿಲ್ಲದ ಅಕ್ಕರೆ. ಮುಸುವದ ಮರಿ ಹುಟ್ಟುವಾಗ ಕಪ್ಪಗಿರುತ್ತದೆ. ದೊಡ್ಡವುಗಳ ಬೂದುಬಣ್ಣದ ನಡುವೆ ಅದು ಎದ್ದುಕಾಣುತ್ತದೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆ ಮರಿ ಒಬ್ಬಳ ಮಡಿಲಿನಿಂದ ಇನ್ನೊಬ್ಬಳ ಮಡಿಲಿಗೆ ಸಾಗುತ್ತ ಹಿಂಡಿನ ಹೆಣ್ಣುಗಳನ್ನೆಲ್ಲ ಸುತ್ತಿಬರುತ್ತದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಅಕ್ಕಪಕ್ಕದವರು ಬಂದು ಕೂಸನ್ನು ಎತ್ತಿಕೊಳ್ಳುವ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಜೇ ಅವರ ವರದಿಯನ್ನು ಓದಿದವರು ಮುಸುವವನ್ನು ಶಾಂತಿಪ್ರಿಯ ಪ್ರಾಣಿಯೆಂದು ಬಗೆದರು. ಯುದ್ಧದಿಂದ ಬೇಸತ್ತಿದ್ದ ಜಗತ್ತಿಗೆ ಆ ಸುದ್ದಿ ಹಿತವಾಗಿಯೇ ಇದ್ದಿರಬೇಕು.

ಇಂಥ ಸಮಯದಲ್ಲಿ, ಇಮಾನಿಶಿಯವರ ಪರಂಪರೆಯಲ್ಲಿ ತರಬೇತಾದ ಯುಕಿಮಾರು ಸುಗಿಯಾಮಾ ಎಂಬ ತರುಣ ಧಾರವಾಡಕ್ಕೆ ಬಂದರು. ಜಪಾನ್ ಮತ್ತು ಭಾರತದ ವಿದ್ವಾಂಸರು ಕೂಡಿ ಕೈಗೊಂಡ ಕಾರ್ಯ ಅದು; ಕೆಂಜಿ ಯೋಶಿಬಾ, ಎಂ. ಡಿ. ಪಾರ್ಥಸಾರಥಿ ಅವರ ಜೊತೆಗಾರರು. 1961ರಿಂದ 1963ರವರೆಗೆ ಅವರು ಧಾರವಾಡದ ಪಶ್ಚಿಮಕ್ಕೆ, ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ತೊಡಗುವ ಕಾಡಿನಲ್ಲಿ, ಮುಸುವಗಳ ಹಿಂಡುಗಳನ್ನು ಹಿಂಬಾಲಿಸಿದರು. ಆಗ ನಮ್ಮ ನಾಡಿಗೆ ಮೈಸೂರು ರಾಜ್ಯವೆಂಬ ಹೆಸರು. ಅದೇ ಊರಿನ ಸಾಧನಕೇರಿಯಲ್ಲಿ ಬೇಂದ್ರೆಯವರು ಬಾಳುತ್ತಿದ್ದ ಕಾಲ. ಊರಿನ ಒಂದು ದಿಕ್ಕಿನಲ್ಲಿ ಕನ್ನಡ ಕಾವ್ಯದ ಚರಿತ್ರೆ ಬೆಳೆಯುತ್ತಿದ್ದಾಗ ಅದರ ಹೊರಗಿನ ತೇಗದ ಮರಗಳ ಕೆಳಗೆ ಇನ್ನೊಂದು ಚರಿತ್ರೆ ಸದ್ದಿಲ್ಲದೆ ನಡೆಯುತ್ತಿತ್ತು.

ಧಾರವಾಡದ ಮುಸುವಗಳ ಬಾಳು ಓರ್ಛಾದ ಮುಸುವಗಳ ಬಾಳಿನಂತಿರಲಿಲ್ಲ. ಇಲ್ಲಿ ಅವುಗಳ ಸಂಖ್ಯೆ ದಟ್ಟವಾಗಿತ್ತು. ಹೆಚ್ಚಿನ ಹಿಂಡುಗಳಲ್ಲಿ ಬೆಳೆದ ಗಂಡು ಒಂದೇ. ಉಳಿದದ್ದು ಹೆಣ್ಣು ಮತ್ತು ಮರಿಗಳ ಸಂಸಾರ. ಹಿಂಡಿಲ್ಲದ ಗಂಡುಗಳು ತಾವೇ ತಂಡ ಕಟ್ಟಿಕೊಂಡು ಕಾಡಿನಲ್ಲಿ ಅಲೆಯುತ್ತಿದ್ದವು. 1962ರಲ್ಲಿ ಇಂಥ ಏಳು ಗಂಡುಗಳ ತಂಡವೊಂದು ಒಂದು ಹಿಂಡಿನ ಮೇಲೆ ಬಿದ್ದು ಅದರ ಯಜಮಾನನನ್ನು ಹೊಡೆದಟ್ಟಿತು. ಮುಂದೆ ಆ ಏಳರಲ್ಲಿಯೇ ಒಂದು ಉಳಿದವುಗಳನ್ನು ಹೊರದೂಡಿ ಹಿಂಡಿನ ಒಡೆತನವನ್ನು ಹಿಡಿಯಿತು. ಕ್ಷತ್ರಿಯರ ಕಥೆಗಳನ್ನು ಓದಿದ ನಮಗೆ ಇಲ್ಲಿಯವರೆಗೆ ಹೊಸತೇನೂ ಇಲ್ಲ. ಆದರೆ ಅನಂತರ ಹಿಂಡಿನ ಮೊಲೆಗೂಸುಗಳು ಒಂದೊಂದಾಗಿ ಕಡಿತದ ಗಾಯಗಳಿಂದ ಸತ್ತವು, ಇಲ್ಲವೆ ಕಣ್ಮರೆಯಾದವು. ಮರಿಗಳನ್ನು ಕಳೆದುಕೊಂಡ ತಾಯಂದಿರು ಸ್ವಲ್ಪ ಕಾಲದಲ್ಲಿಯೇ ಬೆದೆಗೆ ಬಂದು ಆ ಹೊಸ ಯಜಮಾನನನ್ನೇ ಕೂಡಿದರು.

ಇದೊಂದು ಆಕಸ್ಮಿಕವಿರಬಹುದೆ? ಸುಗಿಯಾಮಾ ಒಂದು ಪರೀಕ್ಷೆ ಮಾಡಿದರು. ಇನ್ನೊಂದು ಹಿಂಡಿನಿಂದ ಅದರ ಏಕೈಕ ಗಂಡನ್ನು ಹಿಡಿದು ಬೇರ್ಪಡಿಸಿದರು. ಹೊರಗಿನ ಗಂಡು ಬಂದಿತು. ಅಲ್ಲಿಯೂ ಮರಿಗಳು ಸತ್ತವು. ಇಂದಿನವರು ಇಂಥ ಪರೀಕ್ಷೆಗೆ ಕೈಹಾಕಲು ಹಿಂಜರಿದಾರು. ಆದರೆ ಅದರಿಂದ ಒಂದು ವಿಷಯ ಖಚಿತವಾಯಿತು: ಹಿಂಡಿನ ಒಡೆತನ ಕೈ ಬದಲಾಗುವುದಕ್ಕೂ ಮರಿಗಳ ಸಾವಿಗೂ ಗಂಟುಬಿದ್ದಿದೆ.

1965ರ ಸುಮಾರಿಗೆ ಈ ವರದಿಗಳು ಪ್ರಕಟವಾದವು. ಅವನ್ನು ಓದಿದವರಲ್ಲಿ ಬಹುಮಂದಿ ವಿದ್ವಾಂಸರಿಗೆ ಅವನ್ನು ಎಲ್ಲಿ ಇಡಬೇಕೆಂಬುದೇ ತೋರಲಿಲ್ಲ. ಸಮಾಜದ ಪ್ರತಿಯೊಂದು ನಡವಳಿಕೆಯೂ ಸಮಾಜದ ಹಿತಕ್ಕಾಗಿಯೇ ಇದೆ ಎಂಬುದು ಆ ಕಾಲದ ನಂಬಿಕೆ. ತನ್ನ ಜಾತಿಯ ಕೂಸುಗಳನ್ನೇ ಕೊಲ್ಲುವುದರಲ್ಲಿ ಯಾವ ಹಿತ? ಆದ್ದರಿಂದ ಧಾರವಾಡದ ಮುಸುವಗಳಿಗೆ ಬುದ್ಧಿ ಕೆಟ್ಟಿದೆ, ದಟ್ಟಣೆಯಿಂದ ಹೀಗಾಗಿದೆ ಎಂಬ ಸಮಾಧಾನ ಹುಟ್ಟಿತು. 1971ರಲ್ಲಿ ರಾಜಸ್ಥಾನದ ಜೋಧಪುರದಿಂದ ಎಸ್. ಎಂ. ಮೋಹ್ನೋತ್ ಅವರೂ ಇಂಥದೇ ವರದಿಯನ್ನು ಕೊಟ್ಟರು. ಆಗ ಧಾರವಾಡವೊಂದಕ್ಕೇ ಬುದ್ಧಿಭ್ರಮೆಯನ್ನು ಆರೋಪಿಸುವುದು ಕಷ್ಟವಾಯಿತು.

ಅದೇ 1971ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಸಾರಾ ಬ್ಲಾಫರ್ ಹರ್ಡಿ ಅಬು ಪರ್ವತಕ್ಕೆ ಬಂದರು. ದಟ್ಟಣೆಯೇ ಶಿಶುಹತ್ಯೆಗೆ ಕಾರಣವಿರಬೇಕೆಂದು ಊಹಿಸಿ, ಅದನ್ನು ಪರೀಕ್ಷಿಸಲೆಂದೇ ಬಂದವರು ಅವರು. ಕಂಡದ್ದು ಬೇರೆ. ಹಿಂಡು ದಟ್ಟವಾಗಿದೆಯೋ ಇಲ್ಲವೋ ಎಂಬುದಕ್ಕಿಂತ, ಹೊರಗಿನ ಗಂಡು ಒಳಗೆ ಬಂದಿತೇ ಎಂಬುದು ಮುಖ್ಯವಾಗಿತ್ತು. ಯಜಮಾನಿಕೆ ಸರಾಸರಿ ಎರಡು ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟು ಮಾತ್ರ ಉಳಿಯುತ್ತದೆ. ಮೊಲೆಯೂಡಿಸುವ ತಾಯಿ ಬಹುಕಾಲ ಬೆದೆಗೆ ಬಾರಳು. ಅವಳ ಮರಿ ಬೆಳೆಯುವವರೆಗೆ ಕಾಯ್ದರೆ ಹೊಸಬನ ಸಂತಾನಕ್ಕೆ ಕಾಲವೇ ಉಳಿಯದು. ಹಿಂಡಿಗೆ ನಷ್ಟವಾದದ್ದು ಆ ಒಂದು ಗಂಡಿಗೆ ಲಾಭ. 1977ರಲ್ಲಿ ಹರ್ಡಿ ತಮ್ಮ ಗ್ರಂಥವನ್ನು ಪ್ರಕಟಿಸಿದಾಗ ದೊಡ್ಡ ವಾದ ಎದ್ದಿತು. ಮದುವೆಯ ಬಳಿಕ ಡಾಲಿನೊ ಎಂಬ ಹೆಸರಿನಿಂದ ಪ್ರಸಿದ್ಧರಾದ ಫಿಲಿಸ್ ಜೇ, ಇದು ಮನುಷ್ಯರ ಹಾವಳಿಗೆ ಸಿಕ್ಕಿದ ಹಿಂಡುಗಳ ವಿಕಾರವೆಂಬ ಪಕ್ಷವನ್ನು ಹಿಡಿದರು. ವಾದ ಇಪ್ಪತ್ತು ವರ್ಷಗಳಿಗೂ ಹೆಚ್ಚು ನಡೆಯಿತು. ಕೊನೆಗೆ 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿ.ಎನ್.ಎ. ಪರೀಕ್ಷೆಯನ್ನು ಕರೋಲಾ ಬೋರಿಸ್ ಮತ್ತು ಸಂಗಡಿಗರು ಪ್ರಕಟಿಸಿದರು: ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಗಳಾಗಿರಲಿಲ್ಲ. ಅದು ದಟ್ಟಣೆಯಿಲ್ಲದ ಕಾಡು. ಧಾರವಾಡದಲ್ಲಿ ಸುಗಿಯಾಮಾ ಕಂಡದ್ದು ಹುಚ್ಚಲ್ಲ ಎಂಬುದನ್ನು ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಹಾಗಾದರೆ ಕಟ್ಟೆಯ ಮೇಲೆ ಎಲೆಯಡಿಕೆ ಜಗಿಯುವ ಹಿರಿಯರು ಗೆದ್ದಂತಾಯಿತೆ? ‘ನೋಡಿರಿ, ಗಂಡಿನ ಸ್ವಭಾವವೇ ಹಾಗೆ, ಮುಸುವಗಳೂ ಸಾಕ್ಷಿ’ ಎಂದು ಅವರು ಹೇಳಬಹುದು. ಹೇಳಿದವರೂ ಉಂಟು. ಆದರೆ ಸಾಕ್ಷಿಯ ಅರ್ಧ ಹೇಳಿಕೆಯನ್ನು ಕೇಳಿ ಎದ್ದುಹೋಗುವುದು ನ್ಯಾಯವಲ್ಲ. ಉಳಿದರ್ಧವನ್ನೂ ಕೇಳೋಣ.

ಮೊದಲನೆಯದಾಗಿ ಹೆಣ್ಣುಗಳ ಮಾತು. ಬಹುಕಾಲ ಶಾಸ್ತ್ರಜ್ಞರ ಕಣ್ಣು ಗಂಡುಗಳ ಕಾದಾಟದ ಮೇಲೆಯೇ ನೆಟ್ಟಿತ್ತು. ಹೆಣ್ಣುಗಳು ಗೆದ್ದವನ ಪಾಲಿನ ಸೊತ್ತು ಎಂಬಂತೆ ಬರೆದರು. ಹರ್ಡಿಯವರು ಕಂಡ ಹೆಣ್ಣುಗಳು ಸುಮ್ಮನೆ ಕುಳಿತಿರಲಿಲ್ಲ. ಹೊಸ ಗಂಡಿನ ಕಣ್ಣು ತಪ್ಪಿಸಿ ಮರಿಯೊಡನೆ ದೂರ ಸರಿಯುತ್ತಿದ್ದವು. ಹೊರಗಿನ ಗಂಡುಗಳೊಡನೆಯೂ ಕೂಡಿ ಪಿತೃತ್ವದ ಲೆಕ್ಕವನ್ನೇ ಗೋಜಲುಮಾಡುತ್ತಿದ್ದವು. ಒಟ್ಟಾಗಿ ಕೊಲೆಗಾರನ ಮೇಲೆ ಏರಿಹೋಗುತ್ತಿದ್ದವು. ಅಬುವಿನಲ್ಲಿ ಒಂದು ಮುದಿ ಹೆಣ್ಣಿತ್ತು. ಹರ್ಡಿ ಅದಕ್ಕೆ ‘ಸೋಲ್’ ಎಂದು ಹೆಸರಿಟ್ಟಿದ್ದರು. ಕನ್ನಡದ ಕಿವಿಗೆ ಅದು ಬೇರೆಯಾಗಿ ಕೇಳಿಸುತ್ತದೆ. ಹೆರುವ ವಯಸ್ಸು ದಾಟಿ, ಹಿಂಡಿನ ಅಂಚಿನಲ್ಲಿ ಒಂಟಿಯಾಗಿ ಇರುತ್ತಿದ್ದ ಆ ಮುದುಕಿ, ಗಂಡು ಕಚ್ಚಿಕೊಂಡು ಹೋದ ಮರಿಯನ್ನು ಬಿಡಿಸಲು ತನಗಿಂತ ಬಲಿಷ್ಠನಾದ ಅವನ ಮೇಲೆ ಮತ್ತೆ ಮತ್ತೆ ಬಿದ್ದಳು. ಆ ಮರಿ ಅವಳದಲ್ಲ. ಶಿಶುಹತ್ಯೆ ಮುಸುವದ ಸ್ವಭಾವವಾದರೆ ಇದೂ ಮುಸುವದ ಸ್ವಭಾವವೇ ಆಗಬೇಕಷ್ಟೆ? ಹರ್ಡಿಯವರು ಮುಂದೆ ಮೂವತ್ತು ವರ್ಷ ಇದೇ ದಾರಿಯಲ್ಲಿ ಯೋಚಿಸಿ, 2009ರ ತಮ್ಮ ಗ್ರಂಥದಲ್ಲಿ ಮನುಷ್ಯಕುಲ ಉಳಿದುಬಂದದ್ದೇ ತಾಯಿಯಲ್ಲದವರೂ ಕೂಸನ್ನು ಎತ್ತಿಕೊಂಡದ್ದರಿಂದ ಎಂದು ಪ್ರತಿಪಾದಿಸಿದರು. ಅಜ್ಜಿ, ಅಕ್ಕ, ಸೋದರಮಾವ, ನೆರೆಯವಳು ಇವರೆಲ್ಲರ ಕೈ ಇಲ್ಲದೆ ಮನುಷ್ಯನ ಮಗು ಬೆಳೆಯುತ್ತಿರಲಿಲ್ಲ ಎಂಬುದು ಅವರ ಮತ.

ಎರಡನೆಯದಾಗಿ ಜಗಳದ ಬಳಿಕ ನಡೆಯುವುದರ ಮಾತು. 1975ರಲ್ಲಿ ನೆದರ್ಲೆಂಡ್ಸಿನ ಆರ್ನೆಮ್ ಪ್ರಾಣಿಸಂಗ್ರಹಾಲಯದಲ್ಲಿ ಚಿಂಪಾಂಜಿಗಳನ್ನು ನೋಡುತ್ತಿದ್ದ ಫ್ರಾನ್ಸ್ ಡಿ ವಾಲ್, ಕಾದಾಡಿದ ಪ್ರಾಣಿಗಳೇ ಸ್ವಲ್ಪ ಹೊತ್ತಿನಲ್ಲಿ ಒಂದನ್ನೊಂದು ಅಪ್ಪಿಕೊಳ್ಳುವುದನ್ನು ಗಮನಿಸಿದರು. ಎಲ್ಲರೂ ಜಗಳವನ್ನು ಎಣಿಸುತ್ತಿದ್ದರು. ರಾಜಿಯನ್ನು ಎಣಿಸಿದವರು ಇರಲಿಲ್ಲ. ಮುಂದೆ 1993ರಲ್ಲಿ ಅವರೂ ಡೆನಿಸ್ ಜೊಹಾನೊವಿಚ್ ಅವರೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಉತ್ತರ ಹಿಂದುಸ್ಥಾನದ ರೀಸಸ್ ಕೋತಿ ಜಗಳಗಂಟಿ, ರಾಜಿಗೆ ಸುಲಭವಾಗಿ ಬಾರದು. ಮೋಟುಬಾಲದ ಕೋತಿ ಸಮಾಧಾನದ ಪ್ರಾಣಿ. ರೀಸಸ್ ಮರಿಗಳನ್ನು ಐದು ತಿಂಗಳು ಮೋಟುಬಾಲದವುಗಳೊಡನೆ ಇಟ್ಟರು. ರೀಸಸ್ ಮರಿಗಳು ರಾಜಿಯಾಗುವುದನ್ನು ಕಲಿತವು. ಮತ್ತೆ ತಮ್ಮವರೊಡನೆ ಬಿಟ್ಟಾಗಲೂ ಕಲಿತದ್ದನ್ನು ಮರೆಯಲಿಲ್ಲ. ಸಹವಾಸದಿಂದ ಸನ್ಯಾಸಿ ಕೆಡುವುದನ್ನು ಮಾತ್ರ ನಮ್ಮ ಗಾದೆ ಹೇಳಿತು. ಪುಂಡ ಸುಧಾರಿಸುವುದನ್ನು ಈ ಕೋತಿಗಳು ತೋರಿಸಿದವು.

ಕೀನ್ಯಾ ದೇಶದ ಬಬೂನುಗಳ ಕಥೆ ಇದಕ್ಕಿಂತ ದೊಡ್ಡದು. ರಾಬರ್ಟ್ ಸಪೋಲ್ಸ್ಕಿ ಅಭ್ಯಾಸ ಮಾಡುತ್ತಿದ್ದ ಒಂದು ಹಿಂಡಿನ ಜಗಳಗಂಟ ಗಂಡುಗಳು, ಪ್ರವಾಸಿಗರ ವಸತಿಗೃಹದ ಕಸದ ಗುಂಡಿಗಾಗಿ ನೆರೆಯ ಹಿಂಡಿನೊಡನೆ ಕಾದಾಡಿ ತಿನ್ನುತ್ತಿದ್ದವು. 1980ರ ದಶಕದಲ್ಲಿ ಅಲ್ಲಿನ ಕೆಟ್ಟ ಮಾಂಸದಿಂದ ಕ್ಷಯ ತಗುಲಿ ಆ ಗಂಡುಗಳೆಲ್ಲ ಸತ್ತವು. ಹಿಂಡಿನ ಗಂಡುಗಳಲ್ಲಿ ಅದು ಸುಮಾರು ಅರ್ಧ. ಉಳಿದವು ಸೌಮ್ಯವಾದವು. ಹಿಂಡು ಶಾಂತವಾಯಿತು. ಆಶ್ಚರ್ಯವೆಂದರೆ, ವರ್ಷಗಳು ಕಳೆದು ಆ ಸೌಮ್ಯ ಗಂಡುಗಳೂ ಇಲ್ಲವಾಗಿ, ಹೊರಗಿನಿಂದ ಬಂದ ಹೊಸ ಗಂಡುಗಳೇ ತುಂಬಿದ ಮೇಲೂ ಶಾಂತಿ ಉಳಿಯಿತು. ಬಂದವರನ್ನು ಅಲ್ಲಿನ ಹೆಣ್ಣುಗಳು ನಡೆಸಿಕೊಂಡ ರೀತಿಯಿಂದ ಬಂದವರು ಅಲ್ಲಿನ ರೀತಿಯನ್ನು ಹಿಡಿದರು. 2004ರಲ್ಲಿ ಸಪೋಲ್ಸ್ಕಿ ಮತ್ತು ಲೀಸಾ ಶೇರ್ ಇದನ್ನು ಪ್ರಕಟಿಸಿದರು. ಬಬೂನಿನ ಹುಟ್ಟುಗುಣವೇನೂ ಇಪ್ಪತ್ತು ವರ್ಷಗಳಲ್ಲಿ ಬದಲಾಗಲಿಲ್ಲ. ಬದಲಾದದ್ದು ಹಿಂಡಿನ ರೂಢಿ. ಮಂಕಿ ಹಿಲ್ಲಿನ ಮೇಲೆ ಸತ್ತದ್ದೂ ಬಬೂನುಗಳೇ ಎಂಬುದನ್ನು ಇಲ್ಲಿ ನೆನೆಯಬೇಕು.

ಮನುಷ್ಯರ ಮಾತಿಗೆ ಬರೋಣ. ಮುಸುವ ನಮ್ಮ ಪೂರ್ವಜನಲ್ಲ. ಅದರ ವಂಶವೂ ನಮ್ಮ ವಂಶವೂ ಕವಲೊಡೆದು ಎರಡೂವರೆ ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಆದರೂ ಆ ನೆರಳು ನಮ್ಮ ಮೇಲೆ ಇಲ್ಲವೆನ್ನಲಾಗದು. 1988ರಲ್ಲಿ ಮಾರ್ಟಿನ್ ಡೇಲಿ ಮತ್ತು ಮಾರ್ಗೋ ವಿಲ್ಸನ್ ಎಂಬ ದಂಪತಿಗಳು ಪ್ರಕಟಿಸಿದ ಗ್ರಂಥದಲ್ಲಿ, ಕೆನಡಾ ದೇಶದಲ್ಲಿ ಮಲತಂದೆ ಮಲತಾಯಿಯರ ಕೈಯಲ್ಲಿ ಎಳೆಯ ಮಕ್ಕಳಿಗೆ ಬರುವ ಅಪಾಯ ಹೆತ್ತವರ ಕೈಯಲ್ಲಿ ಬರುವುದಕ್ಕಿಂತ ಎಷ್ಟೋ ಪಾಲು ಹೆಚ್ಚೆಂದು ತೋರಿಸಿದ್ದಾರೆ. ಅದನ್ನು ಓದಿದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಕಾರಣವುಂಟು. ನನ್ನ ತಂದೆ ತೀರಿಕೊಂಡಾಗ ನನಗೆ ಎರಡು ವರ್ಷ. ಮೂರು ವರ್ಷಗಳ ಮೇಲೆ ನನ್ನ ತಾಯಿಗೆ ಉಡಿಕೆಯಾಯಿತು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಹಿಂಡಿಗೆ ಹೊಸ ಗಂಡು ಬಂದಾಗ ಮಡಿಲಲ್ಲಿದ್ದ ಮರಿ ನಾನು. ನನ್ನನ್ನು ಶಾಲೆಗೆ ಸೇರಿಸಲು ಕೈಹಿಡಿದು ಕರೆದೊಯ್ದವರು ಅವರೇ. ಮಾಸ್ತರರು ತಂದೆಯ ಹೆಸರು ಕೇಳಿದಾಗ ಅವರು ತೀರಿಹೋದ ನನ್ನ ತಂದೆಯ ಹೆಸರನ್ನು ಬರೆಯಿಸಿ, ಪಾಲಕರ ಸಹಿಯ ಜಾಗದಲ್ಲಿ ತಮ್ಮ ಹೆಬ್ಬೆಟ್ಟನ್ನು ಒತ್ತಿದರು. ನಾನು ಅವರನ್ನು ‘ಕಾಕಾ’ ಎಂದೇ ಕರೆದೆ. ಹಾಗಲ್ಲ, ಅಪ್ಪಾ ಎನ್ನು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ತಮ್ಮ ಮಕ್ಕಳು ಹುಟ್ಟಿದ ಮೇಲೂ ನನ್ನ ತಾಟಿನ ರೊಟ್ಟಿ ಕಡಿಮೆಯಾಗಲಿಲ್ಲ.

ಡೇಲಿ ವಿಲ್ಸನ್ನರ ಲೆಕ್ಕ ಸುಳ್ಳೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಲೆಕ್ಕದಲ್ಲಿಯೂ ಮಕ್ಕಳನ್ನು ಕೊಂದ ಮಲತಂದೆಯರು ಬೆರಳೆಣಿಕೆಯಷ್ಟೆ; ಸಾಕಿದವರು ಅಸಂಖ್ಯಾತರು. ಕೊಂದವನ ಹೆಸರು ಪೋಲೀಸರ ದಫ್ತರಕ್ಕೆ ಹೋಗುತ್ತದೆ. ಸಾಕಿದವನ ಗುರುತು ಯಾವುದೋ ಶಾಲೆಯ ದಾಖಲೆಯಲ್ಲಿ ಒಂದು ಮಸಿಯ ಹೆಬ್ಬೆಟ್ಟಾಗಿ ಉಳಿಯುತ್ತದೆ. ಆ ಮನುಷ್ಯನಲ್ಲಿ ಹುಟ್ಟುಗುಣ ಇರಲಿಲ್ಲವೆಂದಲ್ಲ. ಅವರ ಸುತ್ತ ಅವರ ತಾಯಿಯಿದ್ದರು, ಓಣಿಯ ಹಿರಿಯರಿದ್ದರು, ‘ಕೂಸು ಯಾರದಾದರೇನು’ ಎನ್ನುವ ಒಂದು ರೂಢಿಯಿತ್ತು. ಆ ರೂಢಿಯನ್ನು ಒಪ್ಪಿಕೊಂಡು ನಡೆದದ್ದು ಮಾತ್ರ ಅವರ ಸ್ವಂತದ್ದು.

ಒಂದು ಶತಮಾನದ ವಿಚಾರಣೆಯಿಂದ ನನಗೆ ತೋರಿದ್ದು ಇಷ್ಟು. ಲಂಡನ್ನಿನ ಗುಡ್ಡವನ್ನು ನೋಡಿ ಕಪಿಗಳು ಕ್ರೂರಿಗಳೆಂದವರೂ, ಓರ್ಛಾದ ಕಾಡನ್ನು ನೋಡಿ ಅವು ಸಾಧುಗಳೆಂದವರೂ, ಕಂಡದ್ದನ್ನೇ ಬರೆದರು. ಆದರೆ ಕಂಡ ಒಂದು ಹಿಂಡನ್ನು ಇಡೀ ಕುಲದ ಸ್ವಭಾವವೆಂದರು. ಹುಟ್ಟುಗುಣವು ಒಂದೇ ಬೀಜವಲ್ಲ, ಹಲವು ಬೀಜಗಳನ್ನು ಕಟ್ಟಿಟ್ಟ ಗಂಟು. ಯಾವುದು ಮೊಳೆಯುವುದೆಂಬುದು ನೆಲ, ಮಳೆ, ಒಡನಾಟಗಳನ್ನು ಅವಲಂಬಿಸಿದೆ. ನಮ್ಮ ಎರಡು ಗಾದೆಗಳೂ ಹೀಗೆ ಒಂದರ ಪಕ್ಕದಲ್ಲೊಂದು ಬಾಳಬಲ್ಲವು. ಧಾರವಾಡದ ಕಾಡು ನಮಗೆ ಕಲಿಸಿದ್ದು ಅಹಿತವಾದ ಸತ್ಯವನ್ನು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದನ್ನು ತಿಳಿದವರಿಗೆ ಜವಾಬ್ದಾರಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇನ್ನು ಮುಂದೆ ಯಾರಾದರೂ ಕಟ್ಟೆಯ ಮೇಲೆ ‘ಗಂಡಸಿನ ಸ್ವಭಾವವೇ ಹಾಗೆ’ ಎಂದರೆ ಮಾತನ್ನು ಅಲ್ಲಿಗೇ ನಿಲ್ಲಿಸಬೇಡಿರಿ. ಆ ಸ್ವಭಾವವನ್ನು ಸಹಿಸಿಕೊಂಡ ಹಿಂಡು ಯಾವುದು, ಆ ಕಟ್ಟೆಯ ಮೇಲೆ ಕುಳಿತವರು ಯಾರು ಎಂದು ಕೇಳಿರಿ.